ಎರಡು ದೂರದ ನಗರಗಳ ನಡುವೆ ವಿಮಾನಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ನ್ಯೂಯಾರ್ಕ್‌ನಿಂದ ಲಂಡನ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಹುಡುಕಿ ನೋಡಿ. ಒಂದು ಕಡೆ ಆರು ಗಂಟೆ ಅಂತ ಬರುತ್ತದೆ. ಇನ್ನೊಂದು ಕಡೆ ಏಳು. ವಾಪಸ್ ಬರುವುದನ್ನು ಹುಡುಕಿದರೆ ಎಂಟು. ಟಿಕೆಟ್ ನೋಡಿದರೆ ರಾತ್ರಿ 9ಕ್ಕೆ ಹೊರಟು ಬೆಳಿಗ್ಗೆ 9ಕ್ಕೆ ಇಳಿಯುತ್ತದೆ, ಗಡಿಯಾರದ ಪ್ರಕಾರ 12 ಗಂಟೆ! ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದನ್ನು ಅಳೆದಿದ್ದಾರೆ, ಅಷ್ಟೇ.

ದೂರಕ್ಕೆ ಒಂದೇ ಉತ್ತರ ಇದೆ. ಹೊತ್ತಿಗೆ ಹಾಗಿಲ್ಲ. ಹೋಗುವುದಕ್ಕೆ ಒಂದು, ಬರುವುದಕ್ಕೆ ಇನ್ನೊಂದು. ಚಳಿಗಾಲಕ್ಕೆ ಒಂದು, ಬೇಸಿಗೆಗೆ ಇನ್ನೊಂದು. ಅದಕ್ಕೇ 'ದೂರವನ್ನು 900ರಿಂದ ಭಾಗಿಸಿ' ಅನ್ನುವ ಸುಲಭ ಸೂತ್ರ (900 ಅಂದರೆ ವಿಮಾನ ಗಂಟೆಗೆ ಹೋಗುವ ಕಿ.ಮೀ.) ಅರ್ಧಕ್ಕೇ ಕೈಕೊಡುತ್ತದೆ. ಇಲ್ಲಿ ಹೇಳುವ ವಿಧಾನದಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ. ಆದರೆ ಕೊನೆಗೆ ಬರುವ ಸಂಖ್ಯೆ ವಿಮಾನ ಕಂಪನಿಯ ವೇಳಾಪಟ್ಟಿಗೆ ಹತ್ತಿಪ್ಪತ್ತು ನಿಮಿಷದ ಹತ್ತಿರಕ್ಕೆ ಬರುತ್ತದೆ.

ಬೇಕಾಗುವುದು ಸೈನ್ ಮತ್ತು ಕಾಸ್ ಇರುವ ಕ್ಯಾಲ್ಕ್ಯುಲೇಟರ್ (ಬಹಳಷ್ಟು ಫೋನುಗಳಲ್ಲಿ ಇರುತ್ತದೆ), ಒಂದು ಹಾಳೆ, ಒಂದು ಪೆನ್ನು. ಗ್ಲೋಬ್ ಮತ್ತು ಒಂದು ದಾರ ಇದ್ದರೆ ಇನ್ನೂ ಚೆನ್ನ.

ಹಂತ 1: ನಗರ ಬಿಡಿ, ವಿಮಾನ ನಿಲ್ದಾಣ ಹಿಡಿಯಿರಿ

ವಿಮಾನ ನಗರದಿಂದ ನಗರಕ್ಕೆ ಹಾರುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಹಾರುತ್ತದೆ. ಟೋಕಿಯೊದ ಹನೇಡಾ ಮತ್ತು ನರಿಟಾ ನಿಲ್ದಾಣಗಳ ನಡುವೆಯೇ ಸುಮಾರು 60 ಕಿ.ಮೀ. ಇದೆ. ದೂರದ ಹಾರಾಟದಲ್ಲಿ ಇದು ನಾಲ್ಕೈದು ನಿಮಿಷದ ಮಾತು. ಆದರೂ ಯಾವ ನಿಲ್ದಾಣ ಅಂತ ಮೊದಲೇ ಬರೆದಿಟ್ಟುಕೊಳ್ಳಿ, ಆಮೇಲೆ ಬೇರೆ ಬೇರೆ ಕಡೆ ಸಿಗುವ ದೂರಗಳು ಯಾಕೆ ತಾಳೆಯಾಗುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರತಿ ನಿಲ್ದಾಣದ ಅಕ್ಷಾಂಶ ಮತ್ತು ರೇಖಾಂಶ ಬೇಕು. ಆನ್‌ಲೈನ್ ಮ್ಯಾಪ್‌ನಲ್ಲಿ ನಿಲ್ದಾಣದ ಮೇಲೆ ಒತ್ತಿ ಹಿಡಿದರೆ ಎರಡೂ ಸಿಗುತ್ತವೆ. ಉತ್ತರ ಮತ್ತು ಪೂರ್ವಕ್ಕೆ ಪ್ಲಸ್, ದಕ್ಷಿಣ ಮತ್ತು ಪಶ್ಚಿಮಕ್ಕೆ ಮೈನಸ್. ಈ ಮೈನಸ್ಸನ್ನು ಮರೆತರೆ ಏನಾಗುತ್ತದೆ ಅಂತ ಮುಂದೆ ನೋಡೋಣ.

ಈ ಬರಹದ ಉದ್ದಕ್ಕೂ ಎರಡು ಜೋಡಿ ಇಟ್ಟುಕೊಳ್ಳೋಣ. ಒಂದು ಲಂಡನ್ ಹೀಥ್ರೂ (51.47, -0.45) ಮತ್ತು ನ್ಯೂಯಾರ್ಕ್ ಜೆಎಫ್‌ಕೆ (40.64, -73.78). ಇನ್ನೊಂದು ಸಿಡ್ನಿ (-33.95, 151.18) ಮತ್ತು ಚಿಲಿಯ ಸ್ಯಾಂಟಿಯಾಗೊ (-33.39, -70.79).

ಹಂತ 2: ದೂರ

ಮೊದಲು ಗೋಡೆಯ ಭೂಪಟವನ್ನು ಮರೆಯಬೇಕು. ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಸಿಗುವುದು ಅತಿ ಹತ್ತಿರದ ದಾರಿ ಅಲ್ಲ. ಭೂಮಿ ದುಂಡಗಿದೆ, ಕಾಗದ ಚಪ್ಪಟೆ.

ಸಿಡ್ನಿ ಮತ್ತು ಸ್ಯಾಂಟಿಯಾಗೊ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಭೂಪಟ ನೋಡಿದವರು ನೇರ ಪೂರ್ವಕ್ಕೆ ಹೋದರೆ ಸಾಕು ಅನ್ನುತ್ತಾರೆ. ಹಾಗೆ ಆ ಅಕ್ಷಾಂಶದ ಗೆರೆ ಬಿಡದೆ ಹೋದರೆ ಸುಮಾರು 12,770 ಕಿ.ಮೀ. ಆಗುತ್ತದೆ. ಈಗ ಗ್ಲೋಬ್ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿಯೇ ದಕ್ಷಿಣಕ್ಕೆ ಜಾರುತ್ತದೆ. ನಡುದಾರಿಯಲ್ಲಿ ಅದು ಸುಮಾರು 62 ಡಿಗ್ರಿ ದಕ್ಷಿಣಕ್ಕೆ, ಅಂಟಾರ್ಕ್ಟಿಕಾದ ಹತ್ತಿರಕ್ಕೇ ಹೋಗಿಬಿಡುತ್ತದೆ. ಆ ದಾರಿಯ ಉದ್ದ ಸುಮಾರು 11,340 ಕಿ.ಮೀ. ಸುತ್ತು ಹಾಕಿದಂತೆ ಕಾಣುವ ದಾರಿಯೇ 1,400 ಕಿ.ಮೀ.ಗಿಂತ ಜಾಸ್ತಿ ಉಳಿಸುತ್ತದೆ. ಇದಕ್ಕೆ ಮಹಾವೃತ್ತದ ದಾರಿ ಅನ್ನುತ್ತಾರೆ. ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ ತುಂಡು ಅದು.

ಲೆಕ್ಕದ ಸೂತ್ರ ಇದು:

ಕಾಸ್(ಕೋನ) = ಸೈನ್(ಅ1) × ಸೈನ್(ಅ2) + ಕಾಸ್(ಅ1) × ಕಾಸ್(ಅ2) × ಕಾಸ್(ರೇ)

ಅ1, ಅ2 ಅಂದರೆ ಎರಡು ನಿಲ್ದಾಣಗಳ ಅಕ್ಷಾಂಶ. ರೇ ಅಂದರೆ ರೇಖಾಂಶಗಳ ವ್ಯತ್ಯಾಸ. ಲಂಡನ್-ನ್ಯೂಯಾರ್ಕ್‌ಗೆ ಹಾಕಿ ನೋಡೋಣ. ರೇಖಾಂಶದ ವ್ಯತ್ಯಾಸ 73.33.

ಸೈನ್ 51.47 ಅಂದರೆ 0.7823. ಸೈನ್ 40.64 ಅಂದರೆ 0.6513. ಗುಣಿಸಿದರೆ 0.5095.
ಕಾಸ್ 51.47 ಅಂದರೆ 0.6229. ಕಾಸ್ 40.64 ಅಂದರೆ 0.7588. ಕಾಸ್ 73.33 ಅಂದರೆ 0.2869. ಮೂರನ್ನೂ ಗುಣಿಸಿದರೆ 0.1356.
ಕೂಡಿದರೆ 0.6451.

ಕ್ಯಾಲ್ಕ್ಯುಲೇಟರ್‌ನಲ್ಲಿ ಇದರ ಕಾಸ್ ಇನ್ವರ್ಸ್ ಒತ್ತಿ. 49.83 ಡಿಗ್ರಿ ಬರುತ್ತದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ., ಹಾಗಾಗಿ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ ಸುಮಾರು 5,540 ಕಿ.ಮೀ. ದೂರ ಸಿಕ್ಕಿತು.

ಉತ್ತರ ಅಸಂಬದ್ಧವಾಗಿ ಬಂದರೆ ಕ್ಯಾಲ್ಕ್ಯುಲೇಟರ್ ರೇಡಿಯನ್ ಮೋಡ್‌ನಲ್ಲಿದೆಯಾ ನೋಡಿ. ಅದು ಡಿಗ್ರಿಯಲ್ಲಿರಬೇಕು. ಇನ್ನೊಂದು ಕಳ್ಳ ತಪ್ಪು ಆ ಮೈನಸ್. ಸ್ಯಾಂಟಿಯಾಗೊದ ರೇಖಾಂಶಕ್ಕೆ ಮೈನಸ್ ಹಾಕದಿದ್ದರೆ ದೂರ 7,200 ಕಿ.ಮೀ. ಆಸುಪಾಸು ಬರುತ್ತದೆ. ಕೇಳಲು ಸರಿಯೇ ಅನ್ನಿಸುವ ಸಂಖ್ಯೆ, ಅದಕ್ಕೇ ಅಪಾಯ. ಮೈನಸ್ ಹಾಕಿದಾಗ ವ್ಯತ್ಯಾಸ 221.97 ಅಂತ 180ಕ್ಕಿಂತ ಜಾಸ್ತಿ ಬರುತ್ತದಲ್ಲ, ಅದಕ್ಕೆ ಗಾಬರಿ ಬೇಡ. 360ರಿಂದ ಕಳೆದು 138.03 ಮಾಡಿದರೂ ಸರಿ, ಹಾಗೇ ಬಿಟ್ಟರೂ ಸರಿ. ಎರಡರ ಕಾಸ್ ಒಂದೇ.

ಭೂಮಿ ಪಕ್ಕಾ ಗೋಳ ಅಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಇದರಿಂದ ಹೆಚ್ಚೆಂದರೆ ನೂರಕ್ಕೆ ಅರ್ಧದಷ್ಟು ತಪ್ಪು ಬರಬಹುದು. ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಉತ್ತರ 20,000 ಕಿ.ಮೀ. ದಾಟಿದರೆ ಮಾತ್ರ ಎಲ್ಲೋ ಎಡವಿದ್ದೀರಿ ಅಂತಲೇ ಅರ್ಥ. ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಸುಮಾರು, ಯಾವ ಎರಡು ಊರುಗಳೂ ಅದರ ಅರ್ಧಕ್ಕಿಂತ ದೂರ ಇರುವುದಿಲ್ಲ.

ಮೈಲಿ ಅಂತ ಕಂಡಾಗಲೂ ಹುಷಾರು. ಸಾಮಾನ್ಯ ಮೈಲಿ 1.609 ಕಿ.ಮೀ. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ಲಂಡನ್-ನ್ಯೂಯಾರ್ಕ್ 2,990 ಅಂತ ಎಲ್ಲಾದರೂ ಕಂಡರೆ ಅದು ನಾಟಿಕಲ್ ಮೈಲಿ.

ಹಂತ 3: ನಿಜವಾದ ದಾರಿ

ಈಗ ಸಿಕ್ಕಿದ್ದು ಇದ್ದುದರಲ್ಲಿ ಕಡಿಮೆ ದೂರ. ವಿಮಾನ ಅದನ್ನೇ ಹಿಡಿದು ಹೋಗುವುದು ಅಪರೂಪ. ಟೇಕಾಫ್ ಆದ ದಿಕ್ಕು ಬೇರೆ, ಹೋಗಬೇಕಾದ ದಿಕ್ಕು ಬೇರೆ ಇರುತ್ತದೆ. ಇಳಿಯುವ ಮುಂಚೆ ಸಾಲಿನಲ್ಲಿ ಕಾಯಬೇಕಾಗಬಹುದು. ಗುಡುಗಿನ ಮೋಡ ಬಂದರೆ ಪಕ್ಕಕ್ಕೆ ಸರಿಯಬೇಕು. ಇದಕ್ಕೆಲ್ಲ ಒಟ್ಟು ದೂರಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಸೇರಿಸಿ. ಲಂಡನ್-ನ್ಯೂಯಾರ್ಕ್‌ಗೆ ಮೂರು ಸೇರಿಸಿದರೆ 5,700 ಕಿ.ಮೀ.

ಕೆಲವು ಜೋಡಿಗಳಿಗೆ ಇಷ್ಟು ಸಾಲದು. ಹೆಲ್ಸಿಂಕಿಯಿಂದ ಟೋಕಿಯೊಗೆ ಮಹಾವೃತ್ತದ ದೂರ 7,800 ಕಿ.ಮೀ. ಸುಮಾರು. ದಾರಿ ಪೂರಾ ರಷ್ಯಾದ ಮೇಲೆ. ಮುಂಚೆ ಒಂಬತ್ತೂವರೆ ಗಂಟೆಯ ಹಾರಾಟ ಅದು. 2022ರಲ್ಲಿ ಯುರೋಪಿನ ವಿಮಾನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಆಮೇಲೆ ಅದೇ ವಿಮಾನಗಳು ಉತ್ತರ ಧ್ರುವದ ಮೇಲಿಂದಲೋ ದಕ್ಷಿಣದ ಸುತ್ತು ದಾರಿಯಲ್ಲೋ ಹೋಗತೊಡಗಿದವು. ಹೊತ್ತು 13 ಗಂಟೆಯ ಹತ್ತಿರಕ್ಕೆ ಬಂತು. ನಗರಗಳು ಇದ್ದಲ್ಲೇ ಇವೆ, ಸೂತ್ರವೂ ಅದೇ. ಆದರೆ ಸೂತ್ರಕ್ಕೆ ಗಡಿಗಳು ಗೊತ್ತಿಲ್ಲ.

ಸಮುದ್ರದ ಮೇಲೆ ಇನ್ನೊಂದು ಕಟ್ಟುಪಾಡಿದೆ. ಎರಡು ಎಂಜಿನ್‌ನ ವಿಮಾನದಲ್ಲಿ ಒಂದು ಎಂಜಿನ್ ಕೆಟ್ಟರೆ, ಉಳಿದ ಒಂದರಲ್ಲೇ ಇಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು ಅನ್ನುವ ನಿಯಮ. ಇದನ್ನು ಇಟಾಪ್ಸ್ ಅಂತ ಕರೆಯುತ್ತಾರೆ. ಮೊದಲಿಗೆ ಈ ಮಿತಿ 60 ನಿಮಿಷ ಇತ್ತು. ಎಂಜಿನ್‌ಗಳ ಮೇಲೆ ನಂಬಿಕೆ ಬೆಳೆದ ಹಾಗೆ 120, 180 ಆಯಿತು. ಏರ್‌ಬಸ್ ಎ350ಗೆ 370 ನಿಮಿಷದವರೆಗೂ ಅನುಮತಿ ಸಿಕ್ಕಿದೆ. ಸಿಡ್ನಿ-ಸ್ಯಾಂಟಿಯಾಗೊ ದಾರಿಯಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ಕೆಳಗೆ ಸಾವಿರಾರು ಕಿಲೋಮೀಟರ್ ಬರೀ ನೀರು. ಮಿತಿ ಕಡಿಮೆ ಇದ್ದ ವಿಮಾನ ಆ ದಕ್ಷಿಣದ ಹತ್ತಿರದ ದಾರಿ ಬಿಟ್ಟು ಉತ್ತರಕ್ಕೆ ಸರಿದು ಹೋಗಬೇಕಾಗುತ್ತದೆ.

ಹಂತ 4: ವೇಗ

ದೊಡ್ಡ ವಿಮಾನಗಳ ವೇಗವನ್ನು ಮ್ಯಾಕ್‌ನಲ್ಲಿ ಹೇಳುತ್ತಾರೆ, ಅಂದರೆ ಶಬ್ದದ ವೇಗದ ಎಷ್ಟನೇ ಪಾಲು ಅಂತ. ಬೋಯಿಂಗ್ 787, ಏರ್‌ಬಸ್ ಎ350 ಸುಮಾರು 0.85 ಮ್ಯಾಕ್‌ನಲ್ಲಿ ಹಾರುತ್ತವೆ. ಚಿಕ್ಕವಾದ 737, ಎ320 ಸುಮಾರು 0.78ರಲ್ಲಿ. 11 ಕಿ.ಮೀ. ಎತ್ತರದಲ್ಲಿ ಮೈನಸ್ 56 ಡಿಗ್ರಿ ಚಳಿ. ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನ, ಗಂಟೆಗೆ ಸುಮಾರು 1,062 ಕಿ.ಮೀ. ಹಾಗಾಗಿ ದೊಡ್ಡ ವಿಮಾನಕ್ಕೆ ಗಂಟೆಗೆ 900 ಕಿ.ಮೀ., ಚಿಕ್ಕದಕ್ಕೆ 830 ಅಂತ ಇಟ್ಟುಕೊಳ್ಳಿ. ಖಂಡದಿಂದ ಖಂಡಕ್ಕಾದರೆ 900 ಸಾಕು.

ಹಂತ 5: ಗಾಳಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಲೆಕ್ಕ ಕೆಡುವುದೂ ಇಲ್ಲೇ.

ಮೇಲೆ ಹೇಳಿದ 900 ಗಾಳಿಯೊಳಗಿನ ವೇಗ. ಆದರೆ ಆ ಗಾಳಿಯೇ ಓಡುತ್ತಿರುತ್ತದೆ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಎರಡೂ ಗೋಳಾರ್ಧಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಕಿರಿದಾದ ಪಟ್ಟಿಗಳು ಹರಿಯುತ್ತವೆ. ಇವೇ ಜೆಟ್ ಸ್ಟ್ರೀಮ್. ಧ್ರುವದ ಚಳಿಗೂ ಸಮಭಾಜಕದ ಕಡೆಯ ಸೆಕೆಗೂ ಇರುವ ಅಂತರ ಜಾಸ್ತಿಯಾದಷ್ಟೂ ಇವು ಜೋರಾಗುತ್ತವೆ. ಅದಕ್ಕೇ ಚಳಿಗಾಲದಲ್ಲಿ ಇವುಗಳ ಆರ್ಭಟ ಹೆಚ್ಚು. ಪಟ್ಟಿಯ ನಡುವೆ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು.

ಪೂರ್ವಕ್ಕೆ ಹೋಗುವ ವಿಮಾನವನ್ನು ಈ ಗಾಳಿ ಹಿಂದಿನಿಂದ ತಳ್ಳುತ್ತದೆ. ಪಶ್ಚಿಮಕ್ಕೆ ಹೋಗುವುದಕ್ಕೆ ಎದುರಾಗುತ್ತದೆ. ಉತ್ತರ ಅಟ್ಲಾಂಟಿಕ್ ಮೇಲೆ ಚಳಿಗಾಲಕ್ಕೆ ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 100 ಕಿ.ಮೀ. ಗಾಳಿ ಅಂತ ಇಟ್ಟುಕೊಂಡು, ಪೂರ್ವಕ್ಕಾದರೆ ಅದನ್ನು 900ಕ್ಕೆ ಕೂಡಿ, ಪಶ್ಚಿಮಕ್ಕಾದರೆ ಕಳೆದು ಲೆಕ್ಕ ಮಾಡಿ:

ನ್ಯೂಯಾರ್ಕ್‌ನಿಂದ ಲಂಡನ್‌ಗೆ: 5,700 ÷ 1,000 = 5.7 ಗಂಟೆ, ಅಂದರೆ 5 ಗಂಟೆ 42 ನಿಮಿಷ.
ಲಂಡನ್‌ನಿಂದ ನ್ಯೂಯಾರ್ಕ್‌ಗೆ: 5,700 ÷ 800 = 7.125 ಗಂಟೆ, ಅಂದರೆ 7 ಗಂಟೆ 8 ನಿಮಿಷ.

ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ಬೇಸಿಗೆಯಾದರೆ ಗಾಳಿಯನ್ನು 50ಕ್ಕೆ ಇಳಿಸಿ. ದಾರಿ ಉತ್ತರ-ದಕ್ಷಿಣ ಇದ್ದರೆ, ಅಥವಾ ಸಮಭಾಜಕದ ಹತ್ತಿರ ಇದ್ದರೆ, ಗಾಳಿಯನ್ನು ಸೊನ್ನೆ ಅಂತಲೇ ಇಟ್ಟುಕೊಳ್ಳಬಹುದು.

ಹೋಗುವಾಗ ಉಳಿದದ್ದು ಬರುವಾಗ ಖರ್ಚಾಗುತ್ತದೆ, ಒಟ್ಟಿಗೆ ಸರಿಹೋಗುತ್ತದೆ ಅಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಎರಡೂ ಕಡೆ ಸೇರಿ 12 ಗಂಟೆ 40 ನಿಮಿಷ. ಗಾಳಿ ಇದ್ದರೆ 12 ಗಂಟೆ 50 ನಿಮಿಷ. ಎದುರುಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತೀರಿ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಗಾಳಿಯಿಂದ ಒಟ್ಟಾರೆ ನಷ್ಟವೇ.

2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿ ಬೀಸಿದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಹಾರಿಬಂತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ಮೀರಿತು ಅಂತ ಆಗ ಸುದ್ದಿ ಓಡಾಡಿತು. ಮೀರಲಿಲ್ಲ. ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು, ಆ ಗಾಳಿಯೇ ಅದನ್ನು ಹೊತ್ತು ಓಡಿತು. ನಿಜವಾಗಿ ಶಬ್ದವನ್ನು ಮೀರಿ ಹಾರುತ್ತಿದ್ದ ಕಾಂಕಾರ್ಡ್ 1996ರ ಫೆಬ್ರವರಿ 7ರಂದು ಇದೇ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು.

ಉತ್ತರ ಅಟ್ಲಾಂಟಿಕ್ ಮೇಲೆ ಗಾಳಿ ನೋಡಿಕೊಂಡು ದಿನಾ ಹೊಸದಾಗಿ ದಾರಿಗಳನ್ನು ಗೊತ್ತುಮಾಡುತ್ತಾರೆ. ಪೂರ್ವಕ್ಕೆ ಹೋಗುವವು ಜೆಟ್ ಸ್ಟ್ರೀಮ್ ಹುಡುಕಿಕೊಂಡು ಹೋಗುತ್ತವೆ, ಪಶ್ಚಿಮಕ್ಕೆ ಹೋಗುವವು ಅದರಿಂದ ತಪ್ಪಿಸಿಕೊಂಡು. ಹಾಗಾಗಿ ನಿಮ್ಮ ವಿಮಾನ ಗ್ರೀನ್‌ಲ್ಯಾಂಡ್ ಕಡೆ ಯಾಕೆ ಹೋಗುತ್ತಿದೆ ಅಂತ ಸೀಟಿನ ಮುಂದಿನ ಪರದೆ ನೋಡಿ ಗಾಬರಿಯಾಗಬೇಡಿ. ದೂರ ಜಾಸ್ತಿ, ಹೊತ್ತು ಕಡಿಮೆ.

ಭೂಮಿ ತಿರುಗುವುದರಿಂದ ಒಂದು ಕಡೆಗೆ ಬೇಗ ತಲುಪುತ್ತೇವೆ ಅನ್ನುವ ಮಾತೂ ಆಗಾಗ ಕೇಳಿಬರುತ್ತದೆ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಓಡುವ ರೈಲಿನೊಳಗೆ ಚೆಂಡನ್ನು ಮೇಲಕ್ಕೆ ಎಸೆದರೆ ಅದು ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲವಲ್ಲ, ಹಾಗೆ. ಭೂಮಿ ತಿರುಗುವುದು ಗಾಳಿಯ ದಿಕ್ಕನ್ನು ತಿರುಗಿಸುತ್ತದೆ ನಿಜ, ಆದರೆ ವಿಮಾನದ ಅಡಿಯಿಂದ ಊರನ್ನು ಎಳೆದು ತರುವುದಿಲ್ಲ.

ಹಂತ 6: ನೆಲದ ಮೇಲಿನ ಹೊತ್ತು

ವೇಳಾಪಟ್ಟಿಯಲ್ಲಿ ಇರುವುದು ಹಾರುವ ಹೊತ್ತಲ್ಲ. ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಗೇಟ್ ಮುಟ್ಟುವವರೆಗಿನ ಹೊತ್ತು. ವಿಮಾನದವರು ಇದನ್ನು ಬ್ಲಾಕ್ ಟೈಮ್ ಅನ್ನುತ್ತಾರೆ. ಗೇಟ್‌ನಿಂದ ರನ್‌ವೇಗೆ ಉರುಳಿಕೊಂಡು ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಇಳಿದ ಮೇಲೆ ಮತ್ತೆ ಉರುಳುವುದು, ಎಲ್ಲ ಇದರೊಳಗೆ. ಜೊತೆಗೆ ಏರುವಾಗ ಇಳಿಯುವಾಗ ವಿಮಾನ 900ರಲ್ಲಿ ಇರುವುದಿಲ್ಲ. ಬಹಳ ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ ಇದೆ.

ಎಲ್ಲ ಸೇರಿ 45 ನಿಮಿಷ ಹಾಕಿ. ಗಿಜಿಗುಡುವ ದೊಡ್ಡ ನಿಲ್ದಾಣವಾದರೆ ಒಂದು ಗಂಟೆ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಆರೂವರೆ ಗಂಟೆಯ ಆಸುಪಾಸು ಬಂತು, ವಾಪಸ್ಸಿಗೆ ಎಂಟಕ್ಕೆ ಹತ್ತಿರ. ತಡವಾಗಬಾರದು ಅಂತ ಕಂಪನಿಗಳು ಇನ್ನಷ್ಟು ನಿಮಿಷ ಸೇರಿಸಿಯೇ ವೇಳಾಪಟ್ಟಿ ಬರೆಯುತ್ತವೆ. 'ಇಪ್ಪತ್ತು ನಿಮಿಷ ಮುಂಚೆಯೇ ತಲುಪಿದ್ದೇವೆ' ಅಂತ ಹೆಮ್ಮೆಯಿಂದ ಹೇಳುತ್ತಾರಲ್ಲ, ಅದರ ಗುಟ್ಟು ಬಹಳ ಸಲ ಇದೇ.

ಇದೇ ಲೆಕ್ಕವನ್ನು ಲೋಕದ ಅತಿ ಉದ್ದದ ಹಾರಾಟಗಳಲ್ಲಿ ಒಂದಾದ ಸಿಂಗಾಪುರ-ನ್ಯೂಯಾರ್ಕ್‌ಗೆ ಹಾಕಿ. ಸುಮಾರು 15,300 ಕಿ.ಮೀ.ಗೆ ನೂರಕ್ಕೆ ನಾಲ್ಕು ಸೇರಿಸಿದರೆ 15,900. ಗಾಳಿ ಬಿಟ್ಟು 900ರಿಂದ ಭಾಗಿಸಿ 45 ನಿಮಿಷ ಕೂಡಿದರೆ ಹದಿನೆಂಟೂವರೆ ಗಂಟೆಯ ಹತ್ತಿರ. ವೇಳಾಪಟ್ಟಿಯೂ ಅಷ್ಟೇ ಹೇಳುತ್ತದೆ.

ಹಂತ 7: ಗಡಿಯಾರ

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ನೇರವಾಗಿ ಕಳೆಯಬೇಡಿ. ಎರಡನ್ನೂ ಯುಟಿಸಿಗೆ, ಅಂದರೆ ಜಾಗತಿಕ ಸಮಯಕ್ಕೆ, ತಂದು ಆಮೇಲೆ ಕಳೆಯಿರಿ. 'ಐದು ಗಂಟೆ ಮುಂದೆ, ಹಾಗಾಗಿ ಕೂಡಬೇಕೋ ಕಳೆಯಬೇಕೋ' ಅಂತ ಬೆರಳು ಮಡಚುವುದಕ್ಕಿಂತ ಇದು ಎಷ್ಟೋ ಸಲೀಸು.

ನ್ಯೂಯಾರ್ಕ್ ಚಳಿಗಾಲದಲ್ಲಿ ಯುಟಿಸಿಗಿಂತ ಐದು ಗಂಟೆ ಹಿಂದೆ. ರಾತ್ರಿ 9ಕ್ಕೆ ಐದು ಕೂಡಿ, ಮರುದಿನ ನಸುಕಿನ 2. ಲಂಡನ್ ಚಳಿಗಾಲದಲ್ಲಿ ಯುಟಿಸಿಯಲ್ಲೇ ಇದೆ, ಬೆಳಿಗ್ಗೆ 9 ಅಂದರೆ 9. ಎರಡರ ನಡುವೆ 7 ಗಂಟೆ. ಗಡಿಯಾರದ ಆ 12 ಹೋಯಿತು.

ಸಿಡ್ನಿ-ಸ್ಯಾಂಟಿಯಾಗೊ ಇನ್ನೂ ಮಜಾ. ಜನವರಿಯಲ್ಲಿ ಸಿಡ್ನಿ 11 ಗಂಟೆ ಮುಂದೆ, ಸ್ಯಾಂಟಿಯಾಗೊ 3 ಗಂಟೆ ಹಿಂದೆ. ಸಿಡ್ನಿಯಿಂದ ಮಧ್ಯಾಹ್ನ 12ಕ್ಕೆ ಹೊರಟರೆ ಯುಟಿಸಿ 1:00. ಹಿಂಗಾಳಿ ಇರುವುದರಿಂದ ಹನ್ನೆರಡೂವರೆ ಗಂಟೆಯ ಪ್ರಯಾಣ ಅಂದುಕೊಳ್ಳಿ, ಯುಟಿಸಿ 13:30. ಮೂರು ಕಳೆದರೆ ಸ್ಯಾಂಟಿಯಾಗೊದಲ್ಲಿ ಬೆಳಿಗ್ಗೆ 10:30, ಅದೂ ಅದೇ ದಿನ. ಹೊರಟದ್ದಕ್ಕಿಂತ ಮುಂಚೆ ತಲುಪಿದಿರಿ! ದಿನಾಂಕ ರೇಖೆ ದಾಟಿದ್ದರ ಫಲ. ವಾಪಸ್ ಬರುವಾಗ ಎದುರುಗಾಳಿಯಲ್ಲಿ 14 ಗಂಟೆ ಹಿಡಿಯುತ್ತದೆ, ಕ್ಯಾಲೆಂಡರ್‌ನಲ್ಲಿ ಒಂದು ದಿನವೂ ಹೋಗುತ್ತದೆ. ಟಿಕೆಟ್‌ನಲ್ಲಿ ಹೊತ್ತಿನ ಪಕ್ಕ +1, +2 ಅಂತ ಸಣ್ಣದಾಗಿ ಬರೆದಿರುವುದು ಈ ದಿನಗಳನ್ನೇ.

ಎಲ್ಲ ಕಡೆಯ ಅಂತರವೂ ಪೂರ್ತಿ ಗಂಟೆಯಲ್ಲಿ ಇರುವುದಿಲ್ಲ. ಭಾರತ ಐದೂವರೆ ಗಂಟೆ ಮುಂದೆ, ನೇಪಾಳ ಐದೂಮುಕ್ಕಾಲು. ಇನ್ನು ಡೇಲೈಟ್ ಸೇವಿಂಗ್, ಅಂದರೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯ ಕಾಟ ಬೇರೆ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸುತ್ತದೆ, ಯುರೋಪ್ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಆ ದಿನಗಳಲ್ಲಿ ನ್ಯೂಯಾರ್ಕ್‌ಗೂ ಲಂಡನ್‌ಗೂ ಅಂತರ ಐದಲ್ಲ, ನಾಲ್ಕು ಗಂಟೆ. ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಮತ್ತೆ ಹೀಗೇ.

ಹಂತ 8: ತಾಳೆ ನೋಡುವುದು

ವಿಮಾನಗಳ ಹಾರಾಟ ತೋರಿಸುವ ಜಾಲತಾಣಗಳಾದ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ಆ ವಿಮಾನದ ನಂಬರ್ ಹಾಕಿದರೆ ಹಿಂದಿನ ಕೆಲವು ದಿನ ಅದು ನಿಜವಾಗಿ ಎಷ್ಟು ಹೊತ್ತು ಹಾರಿತು, ಯಾವ ದಾರಿಯಲ್ಲಿ ಹೋಯಿತು ಎರಡೂ ಸಿಗುತ್ತದೆ. ಒಂದೇ ದಿನದ್ದು ನೋಡಿ ತೀರ್ಮಾನಕ್ಕೆ ಬರಬೇಡಿ. ಐದಾರು ದಿನದ್ದನ್ನು ಸಾಲಾಗಿ ಬರೆದು ತೀರಾ ಜಾಸ್ತಿ, ತೀರಾ ಕಡಿಮೆ ಬಿಟ್ಟು ನಡುವಿನದ್ದನ್ನು ತೆಗೆದುಕೊಳ್ಳಿ. ಅಲ್ಲಿ ತೋರಿಸುವುದು ಸಾಮಾನ್ಯವಾಗಿ ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗಿನ ಹೊತ್ತು, ಆದ್ದರಿಂದ ಟಿಕೆಟ್‌ನ ಹೊತ್ತಿಗಿಂತ ಕಡಿಮೆಯೇ ಇರುತ್ತದೆ.

ನಡುವೆ ವಿಮಾನ ಬದಲಾಯಿಸುವ ಪ್ರಯಾಣವಾದರೆ ಒಂದೊಂದು ಹಾರಾಟವನ್ನೂ ಬೇರೆ ಬೇರೆ ಲೆಕ್ಕ ಮಾಡಿ, ನಡುವಿನ ಕಾಯುವಿಕೆ ಕೂಡಿ. ಎರಡು ತುದಿಗಳ ನೇರ ದೂರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನಿಮ್ಮ ಉತ್ತರಕ್ಕೂ ವೇಳಾಪಟ್ಟಿಗೂ ಸರಿಯಾಗಿ ಒಂದು ಗಂಟೆ ವ್ಯತ್ಯಾಸ ಬಂದರೆ ಮೊದಲು ಡೇಲೈಟ್ ಸೇವಿಂಗ್ ನೋಡಿ. ಮೂರು ನಾಲ್ಕು ಗಂಟೆ ಬಂದರೆ ರೇಖಾಂಶದ ಮೈನಸ್ ನೋಡಿ. ಅದೂ ಸರಿ ಇದ್ದರೆ ಹಿಂದಿನ ವಾರದ ಹಾರಾಟದ ದಾರಿಯನ್ನು ಮ್ಯಾಪ್‌ನಲ್ಲಿ ತೆರೆಯಿರಿ. ವಿಮಾನ ಯಾವ ದೇಶವನ್ನು ಸುತ್ತಿಕೊಂಡು ಹೋಗಿದೆ ಅಂತ ಗೆರೆಯೇ ತೋರಿಸುತ್ತದೆ. ಆಗ ಮೂರನೇ ಹಂತಕ್ಕೆ ವಾಪಸ್ ಬಂದು ದೂರ ತಿದ್ದಿ, ಭಾಗಾಕಾರ ಇನ್ನೊಮ್ಮೆ ಮಾಡಿ.